ಮಗು ಇಬ್ಬರದು, ರಜೆಯ ಹೊರೆ ಒಬ್ಬ ಮಾಲೀಕನದೇ?

ಸಾಮಾಜಿಕ ಭದ್ರತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಂದಿನಿಂದ ನಮ್ಮ ಸದಸ್ಯ ಬಾಂಧವರು ಲೆಕ್ಕ ಪರಿಶೋಧಕರಲ್ಲಿ ಕೇಳುತ್ತಿರುವ ಪ್ರಶ್ನೆಗಳು ಬಹುಮಟ್ಟಿಗೆ ಗ್ರಾಚ್ಯುಟಿ, ವೇತನದ ಹೊಸ ವ್ಯಾಖ್ಯೆ ಮತ್ತು ನೇಮಕಾತಿ ಪತ್ರಗಳಿಗೆ ಸಂಬಂಧಿಸಿದವು. ಹೆರಿಗೆ ಸೌಲಭ್ಯದ ಬಗ್ಗೆ ಕೇಳುವವರು ವಿರಳ. ಕೇಳಿದರೂ ಪ್ರಶ್ನೆಯ ಸ್ವರೂಪ ಹೀಗಿರುತ್ತದೆ: “ನಮ್ಮಲ್ಲಿ ಒಂಬತ್ತೇ ಜನ ಇದ್ದಾರೆ, ನಮಗೆ ಅನ್ವಯ ಆಗೋದಿಲ್ಲ ತಾನೇ ಸಾರ್?” ಈ ಪ್ರಶ್ನೆಯ ಹಿಂದಿರುವ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹತ್ತು ಹನ್ನೆರಡು ಜನರ ಘಟಕ ನಡೆಸುವವನಿಗೆ ಆರು ತಿಂಗಳ ವೇತನ ಸಣ್ಣ ಮೊತ್ತವಲ್ಲ. ಆದರೆ ಆ ಹೊರೆಯು ಅವನೊಬ್ಬನ ತಲೆಯ ಮೇಲೆಯೇ ಏಕೆ ಬೀಳುತ್ತಿದೆ, ಮಗುವಿನ ತಂದೆಗೂ ಆ ತಂದೆ ದುಡಿಯುವ ಸಂಸ್ಥೆಗೂ ಅದರಲ್ಲಿ ಪಾಲಿಲ್ಲವೇ ಎಂಬ ಪ್ರಶ್ನೆಯನ್ನು ನಮ್ಮ ವಾಣಿಜ್ಯ ವಲಯದಲ್ಲಿ ಯಾರೂ ಎತ್ತಿದ್ದನ್ನು ನಾನು ಕೇಳಿಲ್ಲ. ಪ್ರಸ್ತುತ ಲೇಖನದ ಉದ್ದೇಶ ಆ ಪ್ರಶ್ನೆಯನ್ನು ಸದಸ್ಯರ ಮುಂದಿಡುವುದೇ ಆಗಿದೆ.

ಮೊದಲು ಕಾನೂನಿನ ಸ್ಥಿತಿಯನ್ನು ಸಂಕ್ಷೇಪವಾಗಿ ನೋಡೋಣ. 1961ರ ಹೆರಿಗೆ ಸೌಲಭ್ಯ ಕಾಯಿದೆಯು 12 ವಾರಗಳ ವೇತನ ಸಹಿತ ರಜೆಯನ್ನು ಕೊಟ್ಟಿತ್ತು. 2017ರ ಏಪ್ರಿಲ್ 1ರಿಂದ ಅದು 26 ವಾರಗಳಿಗೆ ಏರಿತು. ಈಗ ಆ ಕಾಯಿದೆಯ ಸ್ಥಾನದಲ್ಲಿ ಸಂಹಿತೆಯ ಆರನೆಯ ಅಧ್ಯಾಯವಿದ್ದು, ವಾರಗಳ ಲೆಕ್ಕದಲ್ಲಿ ಬದಲಾವಣೆಯಿಲ್ಲ. ನಿರೀಕ್ಷಿತ ಹೆರಿಗೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 80 ದಿನ ದುಡಿದ ಮಹಿಳೆಗೆ ಮೊದಲ ಎರಡು ಮಕ್ಕಳಿಗೆ 26 ವಾರ, ಆ ಬಳಿಕ 12 ವಾರ. ದತ್ತು ಪಡೆದ ತಾಯಿಗೆ 12 ವಾರ. ಹೆರಿಗೆಯ ನಂತರದ ಆರು ವಾರ ಆಕೆಯಿಂದ ಕೆಲಸ ಮಾಡಿಸುವಂತೆಯೇ ಇಲ್ಲ. ಕಾರ್ಖಾನೆಗಳಿಗೂ, ಹತ್ತು ಅಥವಾ ಹೆಚ್ಚು ನೌಕರರಿರುವ ಅಂಗಡಿ ಮತ್ತಿತರ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ತಂದೆಯ ವಿಷಯದಲ್ಲಿ ಸಂಹಿತೆಯು ಮೌನವಾಗಿದೆ. ಕೇಂದ್ರ ಸರ್ಕಾರದ ಪುರುಷ ನೌಕರರಿಗೆ 15 ದಿನಗಳ ಪಿತೃತ್ವ ರಜೆಯುಂಟು. ನಮ್ಮ ರಾಜ್ಯ ಸರ್ಕಾರಿ ನೌಕರರಿಗೂ ಉಂಟು. ಖಾಸಗಿ ವಲಯದಲ್ಲಿ ದುಡಿಯುವ ತಂದೆಗೆ ಕಾನೂನಿನ ಬಲದಿಂದ ಸಿಗುವ ದಿನಗಳು ಸೊನ್ನೆ. 2017ರಲ್ಲಿ ಲೋಕಸಭಾ ಸದಸ್ಯರಾಗಿದ್ದ ರಾಜೀವ್ ಸಾತವ್ ಅವರು ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು. ಖಾಸಗಿ ಮಸೂದೆಗಳಿಗೆ ಸಾಮಾನ್ಯವಾಗಿ ಆಗುವ ಗತಿಯೇ ಅದಕ್ಕೂ ಆಯಿತು.

ಇನ್ನು ಹಣದ ವಿಷಯ. ಇ.ಎಸ್.ಐ. ವ್ಯಾಪ್ತಿಗೆ ಒಳಪಟ್ಟ ಮಹಿಳೆಯ 26 ವಾರಗಳ ವೇತನವನ್ನು ಇ.ಎಸ್.ಐ. ನಿಗಮವೇ ಭರಿಸುತ್ತದೆ. 2019ರ ಜುಲೈಯಿಂದ ಮಾಲೀಕನ ವಂತಿಗೆ ವೇತನದ ಶೇ. 3.25, ನೌಕರನದು ಶೇ. 0.75. ಇಲ್ಲಿ ಗಮನಿಸತಕ್ಕ ಅಂಶವೆಂದರೆ ಈ ವಂತಿಗೆಯನ್ನು ಪುರುಷ ನೌಕರರ ವೇತನದ ಮೇಲೂ ಕಟ್ಟಲಾಗುತ್ತದೆ. ಹೀಗಾಗಿ ಹೆರಿಗೆಯ ವೆಚ್ಚವು ಎಲ್ಲ ಸಂಸ್ಥೆಗಳ ಮೇಲೆ ಹಂಚಿಹೋಗುತ್ತದೆ. ಯಾರ ಬಳಿ ಎಷ್ಟು ಮಹಿಳೆಯರಿದ್ದಾರೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ತೊಡಕಿರುವುದು ವೇತನದ ಮಿತಿಯಲ್ಲಿ. 2017ರ ಜನವರಿಯಲ್ಲಿ ಈ ಮಿತಿಯನ್ನು ತಿಂಗಳಿಗೆ ರೂ. 15,000ದಿಂದ 21,000ಕ್ಕೆ ಏರಿಸಲಾಯಿತು. ಮಿತಿ ಮೀರಿದವರ ಹೆರಿಗೆ ವೇತನ ಪೂರ್ತಿಯಾಗಿ ಮಾಲೀಕನದು.

ಇದರಿಂದ ಉಂಟಾಗುವ ವೈಚಿತ್ರ್ಯವನ್ನು ಒಂದು ಉದಾಹರಣೆಯಿಂದ ನೋಡಬಹುದು. ರೂ. 20,500 ವೇತನದ ಸಹಾಯಕಿಯೊಬ್ಬಳು ಹೆರಿಗೆ ರಜೆಗೆ ಹೋದರೆ ಮಾಲೀಕನ ಮೇಲೆ ವೇತನದ ಹೊಣೆಯಿಲ್ಲ. ಆಕೆಯ ಕೆಲಸ ಮೆಚ್ಚಿ ಸಾವಿರ ರೂಪಾಯಿ ಹೆಚ್ಚಿಸಿ 21,500 ಮಾಡಿದಿರೆಂದು ಇಟ್ಟುಕೊಳ್ಳಿ, ಇ.ಎಸ್.ಐ. ವ್ಯಾಪ್ತಿಯಿಂದ ಆಕೆ ಹೊರಬಂದ ಮೇಲೆ 182 ದಿನಗಳ ವೇತನ, ಅಂದರೆ ಸುಮಾರು ರೂ. 1,30,000, ನಿಮ್ಮದೇ ಹೊಣೆ. ಈ ಒಂದು ಕಾರಣಕ್ಕಾಗಿಯೇ ಹೆಣ್ಣುಮಕ್ಕಳ ವೇತನವನ್ನು ವರ್ಷಗಟ್ಟಲೆ ಇಪ್ಪತ್ತು ಸಾವಿರದ ಚಿಲ್ಲರೆಯಲ್ಲಿಯೇ ನಿಲ್ಲಿಸಿರುವ ವೇತನ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಸಂಬಂಧಪಟ್ಟವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಪಟ್ಟಿಯೇ ಹೇಳುತ್ತದೆ.

ತಿಂಗಳಿಗೆ ರೂ. 28,000 ಪಡೆಯುವ ಲೆಕ್ಕಪತ್ರ ಗುಮಾಸ್ತೆಯನ್ನು ತೆಗೆದುಕೊಳ್ಳೋಣ. ಸ್ಥೂಲವಾಗಿ ದಿನಕ್ಕೆ ರೂ. 933ರಂತೆ 182 ದಿನಕ್ಕೆ ಸುಮಾರು ರೂ. 1,70,000. ಹನ್ನೆರಡು ಜನರಿದ್ದು ತಿಂಗಳ ವೇತನ ಬಾಬತ್ತು ಮೂರು ಲಕ್ಷವಿರುವ ಘಟಕಕ್ಕೆ ಇದು ವರ್ಷದ ಒಟ್ಟು ವೇತನದ ಶೇ. 4.7ರಷ್ಟಾಯಿತು. ಇದಕ್ಕಿಂತಲೂ ಕಠಿಣವಾದುದು ಪಾವತಿಯ ವೇಳೆ. ಹೆರಿಗೆಗೆ ಮುಂಚಿನ ಅವಧಿಯ ಹಣವನ್ನು ಗರ್ಭಧಾರಣೆಯ ಪುರಾವೆ ಒದಗಿಸಿದೊಡನೆ ಮುಂಗಡವಾಗಿಯೂ, ನಂತರದ ಅವಧಿಯ ಹಣವನ್ನು ಹೆರಿಗೆಯ ಪುರಾವೆ ಕೊಟ್ಟ 48 ಗಂಟೆಗಳೊಳಗೂ ಪಾವತಿ ಮಾಡತಕ್ಕದ್ದೆಂದು ಕಾನೂನು ಹೇಳುತ್ತದೆ. ನಮ್ಮಲ್ಲಿ ಬಹುತೇಕರು ತಿಂಗಳಿಗೊಮ್ಮೆ ಕೊಟ್ಟರಾಯಿತೆಂದು ತಿಳಿದಿದ್ದಾರೆ. ಮೇಲಿನ ಉದಾಹರಣೆಯಲ್ಲಿ ಎಂಟು ವಾರ ಹೆರಿಗೆಗೆ ಮುಂಚೆ ಕಳೆದಿದ್ದರೆ ಉಳಿದ ಹದಿನೆಂಟು ವಾರಗಳ ರೂ. 1,17,600ನ್ನು ಎರಡು ದಿನಗಳಲ್ಲಿ ಹೊಂದಿಸಬೇಕು. ನಲವತ್ತೈದು ದಿನಗಳ ಉದ್ದರಿಯ ಮೇಲೆ ಮಾಲು ಕೊಟ್ಟು, ತೊಂಬತ್ತು ದಿನಕ್ಕೆ ಹಣ ಕಾಣುವ ಉದ್ದಿಮೆದಾರನಿಗೆ ಇದು ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಅದೇ ವೆಚ್ಚವನ್ನು ಹಂಚಿದಾಗ ಏನಾಗುತ್ತದೆ? ಸಮಾನ ವೇತನದ ನೂರು ನೌಕರರಲ್ಲಿ, ಗಂಡಸರು ಹೆಂಗಸರು ಎಲ್ಲರನ್ನೂ ಸೇರಿಸಿ, ವರ್ಷಕ್ಕೆ ಇಬ್ಬರು 26 ವಾರಗಳ ರಜೆ ಪಡೆಯುತ್ತಾರೆಂದು ಲೆಕ್ಕಕ್ಕಾಗಿ ಭಾವಿಸೋಣ. ಒಟ್ಟು ವೇತನ ರೂ. 3 ಕೋಟಿ 36 ಲಕ್ಷ, ರಜೆಯ ವೇತನ ರೂ. 3 ಲಕ್ಷ 40 ಸಾವಿರ. ಶೇ. 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಒಬ್ಬ ನೌಕರನ ಲೆಕ್ಕದಲ್ಲಿ ತಿಂಗಳಿಗೆ ರೂ. 283. ಬೆಂಕಿ ವಿಮೆಯ ಕಂತನ್ನು ನಾವೆಲ್ಲರೂ ಕಟ್ಟುತ್ತೇವೆ. ಗೋದಾಮು ಸುಟ್ಟವನೊಬ್ಬನೇ ಪೂರ್ತಿ ನಷ್ಟ ತುಂಬಿಕೊಳ್ಳಲಿ ಎಂದು ಯಾರೂ ಹೇಳುವುದಿಲ್ಲ. ಹೆರಿಗೆಯ ವಿಷಯದಲ್ಲಿ ಮಾತ್ರ ಹಾಗೆ ಹೇಳುತ್ತಿದ್ದೇವೆ.

ಇದಕ್ಕಿಂತ ಸೂಕ್ಷ್ಮವಾದ ಅನ್ಯಾಯ ಇನ್ನೊಂದಿದೆ. ಬೆಳಗಾವಿಯ ಉದ್ಯಮಬಾಗದ ಎರಕದ ಕಾರ್ಖಾನೆಯೊಂದರಲ್ಲಿ ಗಂಡ ಮೇಲ್ವಿಚಾರಕನಾಗಿದ್ದು, ಹೆಂಡತಿ ಅದೇ ಊರಿನ ಔಷಧ ಸಗಟು ಮಳಿಗೆಯಲ್ಲಿ ಲೆಕ್ಕ ಬರೆಯುತ್ತಾಳೆಂದು ಕಲ್ಪಿಸಿಕೊಳ್ಳಿ. ಮಗುವಾದಾಗ ಸಗಟು ವ್ಯಾಪಾರಿಯು ಆರು ತಿಂಗಳ ವೇತನ ಕೊಡುತ್ತಾನೆ, ಬದಲಿ ವ್ಯಕ್ತಿಯನ್ನು ಹುಡುಕುತ್ತಾನೆ. ಎರಕದ ಕಾರ್ಖಾನೆಯವನಿಗೆ ಒಂದು ಪೈಸೆಯ ವೆಚ್ಚವಿಲ್ಲ. ನೌಕರನು ಪೇಢೆ ಹಂಚಿದ್ದನ್ನು ತಿಂದು ಶುಭ ಕೋರಿದರೆ ಮುಗಿಯಿತು. ಇಬ್ಬರೂ ಇದೇ ಪತ್ರಿಕೆಯ ಚಂದಾದಾರರಾಗಿರಬಹುದು. ಗಂಡಸರನ್ನೇ ನೇಮಿಸಿಕೊಳ್ಳುವ ಉದ್ದಿಮೆಗಳು ಹೆಣ್ಣುಮಕ್ಕಳನ್ನು ನೇಮಿಸಿಕೊಂಡ ಉದ್ದಿಮೆಗಳ ಹಣದ ಮೇಲೆ ಈ ರೀತಿಯಾಗಿ ಸವಾರಿ ಮಾಡುತ್ತಿವೆ. ವ್ಯಾಪಾರಿಗೆ ಇದರಿಂದ ಹೊರಬರುವ ಅತಿ ಸುಲಭದ ದಾರಿ ಯಾವುದೆಂದು ಬೇರೆ ಹೇಳಬೇಕೇ? ಸಂದರ್ಶನಕ್ಕೆ ಬಂದ ಹುಡುಗಿಗೆ “ಮದುವೆ ಆಗಿದೆಯೇನಮ್ಮಾ, ಯಾವಾಗ ಆಯಿತು?” ಎಂದು ಕೇಳುವುದು, ನಂತರ “ತಿಳಿಸುತ್ತೇವೆ” ಎಂದು ಕಳಿಸಿಬಿಡುವುದು. ನನ್ನ ಕಚೇರಿಗೆ ಆರ್ಟಿಕಲ್‌ಶಿಪ್ ತರಬೇತಿಗೆ ಬರುವವರಲ್ಲಿ ಈಗ ಹೆಣ್ಣುಮಕ್ಕಳೇ ಹೆಚ್ಚು. ಲೆಕ್ಕದಲ್ಲಿ ಚುರುಕು, ಕಾಗದಪತ್ರದಲ್ಲಿ ಅಚ್ಚುಕಟ್ಟು. ಅಂಥವರನ್ನು ಇಪ್ಪತ್ತೇಳನೆಯ ವಯಸ್ಸಿನಲ್ಲಿ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವ ಉದ್ದಿಮೆಯು ತನಗೆ ತಾನೇ ನಷ್ಟ ಮಾಡಿಕೊಳ್ಳುತ್ತಿದೆಯೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ದೋಷವನ್ನು ಹಿರಿಯರು ಮುಂಚೆಯೇ ಕಂಡಿದ್ದರು. 1919ರಲ್ಲಿಯೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಹೆರಿಗೆ ಸೌಲಭ್ಯದ ಹಣವು ಸಾರ್ವಜನಿಕ ನಿಧಿಯಿಂದ ಅಥವಾ ವಿಮಾ ಪದ್ಧತಿಯಿಂದ ಬರತಕ್ಕದ್ದೆಂದು ತನ್ನ ಮೂರನೆಯ ಒಡಂಬಡಿಕೆಯಲ್ಲಿ ಹೇಳಿತ್ತು. 2000ನೆಯ ಇಸವಿಯ 183ನೆಯ ಒಡಂಬಡಿಕೆಯು, ಕೆಲವು ವಿನಾಯಿತಿಗಳ ಹೊರತು, ಮಾಲೀಕನೊಬ್ಬನನ್ನೇ ನೇರ ವೆಚ್ಚಕ್ಕೆ ಹೊಣೆ ಮಾಡಬಾರದೆಂದು ಮತ್ತಷ್ಟು ಬಿಡಿಸಿ ಹೇಳಿತು. ಭಾರತವು ಇವೆರಡನ್ನೂ ಅನುಮೋದಿಸಿಲ್ಲ. ನಮ್ಮ ನಾಡಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. 1928ರ ಜುಲೈನಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ. ಆರ್. ಅಂಬೇಡ್ಕರ್ ಅವರು ಅದನ್ನು ಬೆಂಬಲಿಸಿ ಮಾತನಾಡಿದರು. ಜನರ ಯೋಗಕ್ಷೇಮವು ಮೂಲತಃ ಸರ್ಕಾರದ ಹೊಣೆಯಾದುದರಿಂದ ಈ ಹೊರೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು. ದುಡಿಮೆಯ ಲಾಭ ಪಡೆಯುವ ಮಾಲೀಕನೂ ಒಂದಿಷ್ಟು ಹೊರಬೇಕು ಎಂಬುದು ಅವರ ವಾದದ ತಿರುಳು. ಮರುವರ್ಷ ಮುಂಬಯಿ ಪ್ರಾಂತಕ್ಕೆ ಹೆರಿಗೆ ಸೌಲಭ್ಯ ಕಾಯಿದೆ ಬಂದಿತು. ಆಗ ಧಾರವಾಡ, ಬೆಳಗಾವಿ, ವಿಜಾಪುರ ಮತ್ತು ಉತ್ತರ ಕನ್ನಡ ಜಿಲ್ಲೆಗಳು ಆ ಪ್ರಾಂತದ ಭಾಗವಾಗಿದ್ದವೆಂಬುದನ್ನು ನೆನಪಿಸಿಕೊಳ್ಳಬೇಕು. ಮಾಲೀಕನ ಪಾಲು ಉಳಿಯಿತು. ಸರ್ಕಾರದ ಪಾಲು ಶತಮಾನ ತುಂಬುತ್ತ ಬಂದರೂ ಬಾಕಿಯಿದೆ. 2018ರ ನವೆಂಬರ್‌ನಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯವು ಕೆಲವು ಷರತ್ತುಗಳ ಮೇಲೆ ಏಳು ವಾರಗಳ ವೇತನವನ್ನು ಮಾಲೀಕರಿಗೆ ಮರಳಿಸುವ ಯೋಜನೆಯೊಂದನ್ನು ಸಿದ್ಧಪಡಿಸುತ್ತಿರುವುದಾಗಿ ಪ್ರಕಟಿಸಿತ್ತು. ಆ ಬಾಬತ್ತಿನ ಒಂದು ರೂಪಾಯಿಯೂ ನನ್ನ ಕಕ್ಷಿದಾರರ ಯಾರ ಖಾತೆಗೂ ಜಮಾ ಆದದ್ದಿಲ್ಲ.

ಹೊರೆಯನ್ನು ಹಂಚುವ ವಿಷಯದಲ್ಲಿ ಇತರರು ಏನು ಮಾಡಿದ್ದಾರೆ? ಸ್ವೀಡನ್ ದೇಶದ ಅನುಭವವನ್ನು ತುಸು ವಿವರವಾಗಿ ನೋಡುವುದು ಲೇಸು. 1974ರಲ್ಲಿ ಆ ದೇಶವು ಹೆರಿಗೆ ರಜೆಯ ಬದಲಿಗೆ ಪೋಷಕರ ವಿಮೆಯೆಂಬ ವ್ಯವಸ್ಥೆಯನ್ನು ತಂದಿತು. ರಜೆಯು ತಾಯಿಗೆ ಮಾತ್ರವಲ್ಲ, ತಂದೆ ತಾಯಿ ಇಬ್ಬರಿಗೂ ಸೇರಿದ್ದು. ಹೇಗೆ ಹಂಚಿಕೊಳ್ಳಬೇಕೆಂಬುದು ಅವರಿಗೆ ಬಿಟ್ಟದ್ದು. ಈಗ ಒಂದು ಮಗುವಿಗೆ 480 ದಿನಗಳಿವೆ. ಅದರಲ್ಲಿ 390 ದಿನಗಳಿಗೆ, ಒಂದು ಗರಿಷ್ಠ ಮಿತಿಗೆ ಒಳಪಟ್ಟು, ವೇತನದ ಸುಮಾರು ಶೇ. 80 ಸಿಗುತ್ತದೆ, ಉಳಿದ 90 ದಿನಗಳಿಗೆ ದಿನಕ್ಕೆ 180 ಕ್ರೋನರ್. ಈ ಹಣವನ್ನು ಮಾಲೀಕನು ಕೊಡುವುದಿಲ್ಲ, ಸರ್ಕಾರದ ಸಾಮಾಜಿಕ ವಿಮಾ ಸಂಸ್ಥೆ ಕೊಡುತ್ತದೆ. ಮಾಲೀಕರು ಒಟ್ಟು ವೇತನದ ಮೇಲೆ ವಂತಿಗೆ ಕಟ್ಟುತ್ತಾರೆ. ಹಲವು ವರ್ಷ ಆ ದರ ಶೇ. 2.6 ಇತ್ತು. ದಿನಗಳನ್ನು ಪೂರ್ತಿಯಾಗಿಯೇ ಬಳಸಬೇಕೆಂದಿಲ್ಲ. ಅರ್ಧ ದಿನ, ಕಾಲು ದಿನ, ದಿನದ ಎಂಟನೆಯ ಒಂದು ಭಾಗವನ್ನು ಕೂಡ ಬಳಸಬಹುದು. ಸಣ್ಣ ಉದ್ದಿಮೆಗೆ ಈ ಕೊನೆಯ ಅಂಶ ಎಷ್ಟು ಅನುಕೂಲವೆಂಬುದನ್ನು ಮುಂದೆ ಹೇಳುತ್ತೇನೆ.

ಹಕ್ಕು ಕೊಟ್ಟ ಮಾತ್ರಕ್ಕೆ ತಂದೆಯರು ರಜೆ ಪಡೆದರೆಂದು ತಿಳಿಯಬಾರದು. ಮೊದಲ ವರ್ಷ ಒಟ್ಟು ದಿನಗಳಲ್ಲಿ ಗಂಡಸರು ಬಳಸಿದ್ದು ಶೇ. 0.5ರಷ್ಟು ಮಾತ್ರ. ಲೆನ್ನಾರ್ಟ್ ‘ಹೋವಾ ಹೋವಾ’ ಡಾಲ್‌ಗ್ರೆನ್ ಎಂಬ ಭಾರ ಎತ್ತುವ ಕ್ರೀಡಾಪಟುವಿನ ತೋಳಿನಲ್ಲಿ ಕೂಸನ್ನಿಟ್ಟು ಸರ್ಕಾರ ಭಿತ್ತಿಪತ್ರ ಹೊರಡಿಸಿತು. ಭಿತ್ತಿಪತ್ರ ಪ್ರಸಿದ್ಧವಾಯಿತು, ಆದರೂ ಗಂಡಸರ ಪಾಲು ಬಹುಕಾಲ ಆಮೆಯ ನಡಿಗೆಯಲ್ಲಿಯೇ ಏರಿತು. 1995ರಲ್ಲಿ ಒಂದು ತಿಂಗಳನ್ನು ಪ್ರತಿ ಪೋಷಕರಿಗೆ ಕಾಯ್ದಿರಿಸಲಾಯಿತು. ತಂದೆ ಬಳಸದಿದ್ದರೆ ಅದು ಕುಟುಂಬಕ್ಕೆ ನಷ್ಟ. 2002ರಲ್ಲಿ ಎರಡನೆಯ ತಿಂಗಳು, 2016ರಲ್ಲಿ ಮೂರನೆಯದು. ಹೀಗೆ ಕಾಯ್ದಿರಿಸಿದ ದಿನಗಳು ಈಗ ತಲಾ 90. ತಂದೆಯರ ಪಾಲು ಒಟ್ಟು ದಿನಗಳ ಸುಮಾರು ಶೇ. 30ಕ್ಕೆ ಬಂದಿದೆ. ಐವತ್ತು ವರ್ಷ ಹಿಡಿಯಿತು.

ಬ್ರಿಟನ್ನಿನ ಅನುಭವ ಇದಕ್ಕೆ ವಿರುದ್ಧವಾದ ಪಾಠ. ಅಲ್ಲಿ 2015ರ ಏಪ್ರಿಲ್ 5ರಿಂದ ‘ಹಂಚಿಕೆಯ ಪೋಷಕ ರಜೆ’ ಜಾರಿಗೆ ಬಂದಿತು. ತಾಯಿಯ ಕಡ್ಡಾಯ ಎರಡು ವಾರಗಳ ನಂತರ 50 ವಾರಗಳವರೆಗಿನ ರಜೆಯನ್ನೂ 37 ವಾರಗಳವರೆಗಿನ ಹಣವನ್ನೂ ಇಬ್ಬರೂ ಹಂಚಿಕೊಳ್ಳಬಹುದು. ಕೇಳಲು ಉದಾರವಾಗಿದೆ. ಆದರೆ 2023ರಲ್ಲಿ ಪ್ರಕಟವಾದ ಸರ್ಕಾರದ್ದೇ ಮೌಲ್ಯಮಾಪನದ ಪ್ರಕಾರ ಅರ್ಹ ತಂದೆಯರಲ್ಲಿ ಶೇ. 5, ಅರ್ಹ ತಾಯಂದಿರಲ್ಲಿ ಶೇ. 1 ಮಾತ್ರ ಇದನ್ನು ಬಳಸಿದ್ದರು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅದರ ಹಣ ಚಿಕ್ಕದೊಂದು ನಿಗದಿತ ಮೊತ್ತ. 2025-26ರಲ್ಲಿ ವಾರಕ್ಕೆ 187.18 ಪೌಂಡ್. ಹೆಚ್ಚು ಗಳಿಸುವ ಗಂಡನು ಮನೆಯಲ್ಲಿ ಕುಳಿತರೆ ಸಂಸಾರ ನಡೆಯುವುದಿಲ್ಲ. ತಂದೆಗೆಂದೇ ಕಾಯ್ದಿರಿಸಿದ ವಾರಗಳು ಅದರಲ್ಲಿಲ್ಲ, ತಾಯಿ ತನ್ನ ಪಾಲಿನಿಂದ ಬಿಟ್ಟುಕೊಡಬೇಕು. ಅರ್ಜಿಯ ಕ್ರಮವೋ ನಮ್ಮ ಜಿ.ಎಸ್.ಟಿ. ಮರುಪಾವತಿಯ ಅರ್ಜಿಯನ್ನು ನೆನಪಿಗೆ ತರುವಂಥದ್ದು. 2025ರ ಜುಲೈನಲ್ಲಿ ಅಲ್ಲಿನ ಸರ್ಕಾರ ಇಡೀ ಪೋಷಕ ರಜೆಯ ಮರುಪರಿಶೀಲನೆಗೆ ತೊಡಗಿತು. ಆದರೂ ಬ್ರಿಟನ್ನಿನ ಒಂದು ವ್ಯವಸ್ಥೆ ನಮಗೆ ಅನುಕರಣೀಯ. ಮಾಲೀಕನು ಪಾವತಿಸಿದ ಶಾಸನಬದ್ಧ ಮೊತ್ತದಲ್ಲಿ ಶೇ. 92ನ್ನು ಸರ್ಕಾರದಿಂದ ಮರಳಿ ಪಡೆಯಬಹುದು. ಸಣ್ಣ ಮಾಲೀಕನಾದರೆ ಪೂರ್ತಿ ಮೊತ್ತ, ಅದರ ಮೇಲೆ ಆಡಳಿತ ವೆಚ್ಚಕ್ಕೆಂದು ಮತ್ತಷ್ಟು. ಈ ಹೆಚ್ಚುವರಿಯನ್ನು 2025ರ ಏಪ್ರಿಲ್‌ನಲ್ಲಿ ಶೇ. 3ರಿಂದ 8.5ಕ್ಕೆ ಏರಿಸಲಾಯಿತು.

ಈ ಎರಡೂ ದೇಶಗಳ ಮಾದರಿಯನ್ನು ಇದ್ದಂತೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಬಾಣಂತನವೆಂಬ ಕ್ರಮವಿದೆ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುತ್ತಾಳೆ. ಮೂರನೆಯ ಅಥವಾ ಐದನೆಯ ತಿಂಗಳಿಗೆ ತೊಟ್ಟಿಲು ಸಹಿತ ಗಂಡನ ಮನೆಗೆ ಬರುತ್ತಾಳೆ. ಆ ಅವಧಿಯಲ್ಲಿ ಅಳಿಯನಿಗೆ ರಜೆ ಕೊಟ್ಟರೂ ಅತ್ತೆಯ ಮನೆಯಲ್ಲಿ ಅವನಿಗೆ ಮಾಡಲು ಕೆಲಸವಿರುವುದಿಲ್ಲ, ಬೀಗರ ಉಪಚಾರ ಹೆಚ್ಚಾಗುತ್ತದೆ ಅಷ್ಟೆ. ನಿಜವಾದ ಕಷ್ಟ ಆರಂಭವಾಗುವುದು ಆಕೆ ಕೆಲಸಕ್ಕೆ ಮರಳುವ ದಿನ. ಕೂಸಿಗೆ ಆಗ ಐದಾರು ತಿಂಗಳು. ಅತ್ತೆಯೋ ತಾಯಿಯೋ ಹತ್ತಿರವಿದ್ದರೆ ಸರಿ. ಇಲ್ಲವಾದರೆ ಆಕೆ ರಾಜೀನಾಮೆ ಪತ್ರ ಕೊಡುತ್ತಾಳೆ. ಆರು ತಿಂಗಳ ವೇತನ ಕೊಟ್ಟು ಕಾದು ಕುಳಿತ ಮಾಲೀಕನಿಗೆ ಆಗ ಎರಡು ವಿಧದ ನಷ್ಟ. ಆದ್ದರಿಂದ ತಂದೆಯ ಪಾಲಿನ ವಾರಗಳು ಬರಬೇಕಾದುದು ತಾಯಿಯ ರಜೆಯ ತರುವಾಯ, ಆಕೆ ಕೆಲಸಕ್ಕೆ ಹಾಜರಾದ ದಿನದಿಂದ. ಇನ್ನು ಅಜ್ಜಿಯರ ವಿಷಯ: ಸ್ವೀಡನ್ 2024ರ ಜುಲೈಯಿಂದ ಪೋಷಕರು ತಮ್ಮ ಪಾಲಿನಲ್ಲಿ ತಲಾ 45 ದಿನಗಳವರೆಗೆ ಅಜ್ಜ ಅಜ್ಜಿಯರಿಗೂ ಇತರರಿಗೂ ವರ್ಗಾಯಿಸಲು ಅವಕಾಶ ನೀಡಿದೆ. ನಮ್ಮ ಅಜ್ಜಿಯರು ಅದೇ ಕೆಲಸವನ್ನು ಯಾವ ಅರ್ಜಿಯೂ ಭತ್ಯೆಯೂ ಇಲ್ಲದೆ ಮಾಡುತ್ತ ಬಂದಿದ್ದಾರೆ. ನಮ್ಮ ನಗರಗಳಲ್ಲಿ ಆ ಸೌಲಭ್ಯವೂ ಕರಗುತ್ತಿದೆ.

ನನ್ನ ಸೂಚನೆ ಹೀಗಿದೆ. ಈಗಿರುವ 26 ವಾರಗಳಲ್ಲಿ ಮೊದಲ 16 ವಾರ ತಾಯಿಗೇ ಮೀಸಲು; ಅದಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಉಳಿದ ಹತ್ತರಲ್ಲಿ ಎಂಟು ವಾರಗಳವರೆಗೆ ತಾಯಿಯ ಲಿಖಿತ ಇಚ್ಛೆಯ ಮೇರೆಗೆ ತಂದೆಗೆ ವರ್ಗವಾಗಬಹುದು. ಇದಲ್ಲದೆ ತಂದೆಗೆ ಮಾತ್ರ ಸಲ್ಲುವ, ಬಳಸದಿದ್ದರೆ ಕಳೆದುಹೋಗುವ ಎರಡು ವಾರ. ಇವೆಲ್ಲದರ ವೇತನವು ಒಂದು ಸಮಾನ ನಿಧಿಯಿಂದ ಬರಬೇಕು. ಆ ನಿಧಿಗೆ ವಂತಿಗೆಯನ್ನು ಎಲ್ಲ ನೌಕರರ ವೇತನದ ಮೇಲೆ, ಇ.ಎಸ್.ಐ. ಮಿತಿಯ ಹಂಗಿಲ್ಲದೆ, ಕಟ್ಟಬೇಕು. ಸರ್ಕಾರದ ಪಾಲೂ ಅದರಲ್ಲಿ ಇರತಕ್ಕದ್ದು.

ಹೊಸ ವಂತಿಗೆಯೆಂದೊಡನೆ ಸದಸ್ಯರು ಹುಬ್ಬು ಗಂಟಿಕ್ಕುವುದು ಸಹಜ. ಆದರೆ ವಂತಿಗೆಯನ್ನು ನಾವು ಈಗಲೂ ಕಟ್ಟುತ್ತಿದ್ದೇವೆ, ಚೀಟಿ ಎತ್ತಿದಂತೆ ಯಾರ ಪಾಲಿಗೆ ಬಂದೀತೋ ಅವರು. ಇನ್ನೊಂದು ಆಕ್ಷೇಪವನ್ನು ಪೀಣ್ಯದ ಉದ್ಯಮಿ ಮಿತ್ರರೊಬ್ಬರು ಎತ್ತಿದರು: “ಗಂಡಸಿಗೆ ರಜೆ ಕೊಟ್ಟರೆ ಊರಿಗೆ ಹೋಗಿ ಸುಗ್ಗಿ ಮಾಡಿಕೊಂಡು ಬರ್ತಾನೆ, ಇಲ್ಲವೇ ಬೇರೆ ಕಡೆ ಲೇತ್ ಮೇಲೆ ನಿಲ್ತಾನೆ.” ಕೆಲವರು ಹಾಗೆ ಮಾಡಿಯಾರು. ಅದಕ್ಕೆಂದೇ ತಾಯಿ ಕೆಲಸಕ್ಕೆ ಮರಳಿದ ಮೇಲೆಯೇ ತಂದೆಯ ವರ್ಗಾಯಿತ ವಾರಗಳು ಆರಂಭವಾಗಬೇಕೆಂಬ ನಿಯಮ ಅಗತ್ಯ. ಆಕೆಯ ಹಾಜರಿ ಆಕೆಯ ಸಂಸ್ಥೆಯ ವಂತಿಗೆ ವಿವರದಲ್ಲಿಯೇ ಕಾಣಿಸುತ್ತದೆ. ಎರಡು ಸಂಖ್ಯೆಗಳನ್ನು ತಾಳೆ ನೋಡುವುದು ಇಂದಿನ ಗಣಕ ವ್ಯವಸ್ಥೆಗೆ ಕಷ್ಟವಲ್ಲ. ಮೂರನೆಯ ಆಕ್ಷೇಪ ಮಹಿಳೆಯರ ಪರವಾಗಿ ಬರಬಹುದಾದದ್ದು, ಮತ್ತು ಅದು ಹೆಚ್ಚು ತೂಕದ್ದು: ಹಂಚಿಕೆಯ ಹೆಸರಿನಲ್ಲಿ ಮನೆಯವರ ಒತ್ತಾಯಕ್ಕೋ ಮಾಲೀಕನ ಒತ್ತಾಯಕ್ಕೋ ತಾಯಿ ತನ್ನ ವಾರಗಳನ್ನು ಕಳೆದುಕೊಂಡಾಳು. 16 ವಾರಗಳ ಕಾವಲು ಇರುವುದು ಈ ಕಾರಣಕ್ಕಾಗಿಯೇ. ಅದಕ್ಕಿಂತ ಹೆಚ್ಚು ಬೇಕೆಂದು ವೈದ್ಯರು ಹೇಳಿದರೆ ಅದನ್ನೂ ಒಪ್ಪಬೇಕು.

ಉದ್ದಿಮೆಯ ದೃಷ್ಟಿಯಿಂದ ಹಂಚಿಕೆಯ ಲಾಭ ಹಣದಲ್ಲಿ ಮಾತ್ರವಲ್ಲ. ಸಣ್ಣ ಘಟಕದಲ್ಲಿ ಲೆಕ್ಕ ಬಲ್ಲವರು ಒಬ್ಬರೇ. ಪ್ರತಿ ತಿಂಗಳ 11ಕ್ಕೆ ಜಿ.ಎಸ್.ಟಿ.ಆರ್.-1, 20ಕ್ಕೆ 3ಬಿ, ನಡುವೆ ಭವಿಷ್ಯ ನಿಧಿ ಮತ್ತು ಇ.ಎಸ್.ಐ. ಪಾವತಿ. ಆಕೆ 26 ವಾರ ಇಲ್ಲದಿರುವುದಕ್ಕೂ 18 ವಾರ ಇಲ್ಲದಿರುವುದಕ್ಕೂ ಅಜಗಜಾಂತರವಿದೆ. ಸ್ವೀಡನ್ನಿನಂತೆ ಅರ್ಧ ದಿನದ ರಜೆಗೆ ಅವಕಾಶವಾದರೆ ತಾಯಿ ಬೆಳಗ್ಗೆ, ತಂದೆ ಮಧ್ಯಾಹ್ನ ಕೆಲಸಕ್ಕೆ ಬರುವಂತೆ ಹೊಂದಿಸಿಕೊಳ್ಳಬಹುದು. ಎರಡೂ ಕಡೆ ಕೆಲಸ ನಿಲ್ಲುವುದಿಲ್ಲ.

ಕಾನೂನು ಬದಲಾಗುವವರೆಗೆ ಸುಮ್ಮನೆ ಕೂರಬೇಕೆಂದಿಲ್ಲ. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಯೂ ನೌಕರರ ಬಹುಮತದ ಒಪ್ಪಿಗೆಯೊಂದಿಗೆ ಸ್ವಇಚ್ಛೆಯಿಂದ ಇ.ಎಸ್.ಐ. ವ್ಯಾಪ್ತಿಗೆ ಬರಲು ಸಂಹಿತೆಯಲ್ಲಿ ಅವಕಾಶವಿದೆ. ಶೇ. 3.25ಕ್ಕೆ ವೈದ್ಯಕೀಯ ಸೌಲಭ್ಯದ ಜೊತೆ ಹೆರಿಗೆಯ ವೇತನವೂ ದೊರೆಯುವಾಗ ಆರೇಳು ಜನರ ಅಂಗಡಿಯವರು ಇದನ್ನು ಲೆಕ್ಕ ಹಾಕಿ ನೋಡಬೇಕು. ಆದರೆ ನೋಂದಣಿಯನ್ನು ಮುಂದೂಡಬೇಡಿ. ನಿಗದಿತ ವಂತಿಗೆ ಅವಧಿಗಳಲ್ಲಿ 70 ದಿನಗಳ ವಂತಿಗೆ ಸಲ್ಲದಿದ್ದರೆ ನಿಗಮವು ಹೆರಿಗೆ ಸೌಲಭ್ಯ ಕೊಡುವುದಿಲ್ಲ. ಮದುವೆಯಾದ ಹುಡುಗಿ ಸಿಹಿ ಸುದ್ದಿ ತಿಳಿಸಿದ ಮೇಲೆ ಓಡಿಹೋಗಿ ನೋಂದಾಯಿಸಿದರೆ ಫಲವಿಲ್ಲ. ತಂದೆಯಾದ ನೌಕರನಿಗೆ ಎರಡು ವಾರದ ವೇತನ ಸಹಿತ ರಜೆ ಕೊಡಲು ಯಾವ ಕಾನೂನೂ ಅಡ್ಡಿಯಿಲ್ಲ. 28,000 ವೇತನದವನಿಗೆ ತಗಲುವುದು ಸುಮಾರು ರೂ. 13,000, ಅದೂ ವ್ಯವಹಾರದ ವೆಚ್ಚವಾಗಿ ಆದಾಯದಿಂದ ಕಳೆಯತಕ್ಕದ್ದು. ನುರಿತ ಸಿ.ಎನ್.ಸಿ. ಚಾಲಕನೊಬ್ಬನು ಬಿಟ್ಟುಹೋದರೆ ಮತ್ತೊಬ್ಬನನ್ನು ತಯಾರು ಮಾಡಲು ಇದರ ಎಷ್ಟು ಪಟ್ಟು ಬೇಕೆಂಬುದು ನಿಮಗೇ ಗೊತ್ತು. ರಜೆ ಮುಗಿದ ತಾಯಿಗೆ, ಕೆಲಸದ ಸ್ವರೂಪ ಒಪ್ಪುವುದಾದರೆ, ಪರಸ್ಪರ ಒಪ್ಪಂದದ ಮೇಲೆ ಮನೆಯಿಂದ ಕೆಲಸ ಮಾಡುವ ಅವಕಾಶವನ್ನು ಕಾನೂನೇ ಕಲ್ಪಿಸಿದೆ. ಲೆಕ್ಕ ಬರೆಯುವ ಕೆಲಸಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಒಂದು ಎಚ್ಚರಿಕೆ ಮಾತ್ರ ಅಗತ್ಯ: ಗಂಡ ಹೆಂಡತಿ ಇಬ್ಬರೂ ನಿಮ್ಮಲ್ಲಿಯೇ ಇದ್ದರೂ, ತಾಯಿಗೆ ಕಾನೂನು ಕೊಟ್ಟ ವಾರಗಳನ್ನು ಕಡಿತಗೊಳಿಸಿ ತಂದೆಗೆ ಕೊಡುವ ಖಾಸಗಿ ಒಪ್ಪಂದ ಈಗ ಊರ್ಜಿತವಾಗದು. ತಂದೆಗೆ ಕೊಡುವುದು ಹೆಚ್ಚುವರಿಯಾಗಿಯೇ ಇರಬೇಕು.

ಉಳಿದದ್ದು ಸಂಸ್ಥೆಯ ಮಟ್ಟದಲ್ಲಿ ಆಗಬೇಕಾದ ಕೆಲಸ. ಪ್ರತಿ ಆಯವ್ಯಯಕ್ಕೆ ಮುನ್ನ ನಮ್ಮ ವಾಣಿಜ್ಯ ಸಂಸ್ಥೆಯು ಕೇಂದ್ರಕ್ಕೂ ರಾಜ್ಯಕ್ಕೂ ಮನವಿ ಪತ್ರ ಸಲ್ಲಿಸುತ್ತದೆ. ಈ ವರ್ಷದ ಪತ್ರದಲ್ಲಿ ತೆರಿಗೆ ದರ, ವಿದ್ಯುತ್ ದರಗಳ ಜೊತೆ ಪೋಷಕ ರಜೆಯ ಸಮಾನ ನಿಧಿಯ ಬೇಡಿಕೆಯೂ ಸೇರಬೇಕೆಂದು ಕಾರ್ಮಿಕ ವಿಷಯಗಳ ಉಪಸಮಿತಿಗೆ ನಾನು ಬರೆದು ಕೊಟ್ಟಿದ್ದೇನೆ. ಬರಿಯ ಮಾತಿನ ಮನವಿಗೆ ದೆಹಲಿಯಲ್ಲಿ ಬೆಲೆಯಿಲ್ಲ, ಅಂಕಿ ಅಂಶ ಬೇಕು. ಆದುದರಿಂದ ಸದಸ್ಯರು ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ತಾವು ಸ್ವಂತವಾಗಿ ಪಾವತಿಸಿದ ಹೆರಿಗೆ ವೇತನ, ಬದಲಿ ನೌಕರರಿಗೆ ಕೊಟ್ಟ ಹಣ, ಒಟ್ಟು ನೌಕರರಲ್ಲಿ ಮಹಿಳೆಯರ ಸಂಖ್ಯೆ, ರಜೆಯ ನಂತರ ಕೆಲಸಕ್ಕೆ ಮರಳಿದವರೆಷ್ಟು ಮತ್ತು ಬಿಟ್ಟವರೆಷ್ಟು ಎಂಬ ವಿವರಗಳನ್ನು ನೌಕರರ ಹೆಸರಿಲ್ಲದೆ ಒಂದು ಹಾಳೆಯಲ್ಲಿ ಬರೆದು ಸಂಸ್ಥೆಯ ಕಾರ್ಯದರ್ಶಿಗಳ ಹೆಸರಿಗೆ ಕಳಿಸಿಕೊಡಬೇಕಾಗಿ ವಿನಂತಿ. ಮಹಿಳೆಯರನ್ನು ನೇಮಿಸಿಕೊಳ್ಳದ ಸದಸ್ಯರೂ ಕಳಿಸಬಹುದು. ಅವರ ಹಾಳೆಯಲ್ಲಿ ಕಾಣುವ ಸೊನ್ನೆಗಳೂ ನಮ್ಮ ವಾದಕ್ಕೆ ಬೇಕು.